ಪ್ಲಾಸ್ಟಿಕ್ ಕಡ್ಡಿಯ ಹರಿಹರ

ಇಂಗ್ಲೆಂಡ್ ಹೆಂಗೈತ್ರಿ ಎಂದು ದಾವಣಗೆರೆಯಲ್ಲಿ ಕೇಳಿದವರಿಗೆಲ್ಲ ಇದುವರೆಗೆ ‘ಥಂಡಿ ಐತ್ರಿ’ ಎಂದಷ್ಟೇ ಹೇಳಿ ತಪ್ಪಿಸಿಕೊಂಡಿದ್ದೇನೆ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ರಾಣಿಯ ಅರಮನೆ ನೋಡಿದಿರಾ ಎಂದರು. ನೋಡಿದೆ, ಹೊರಗಿನಿಂದ. ಹಾಗಂತ ನೆನಪು. ಅಂಚೆ ಕಾರ್ಡಿನ ಮೇಲಿದ್ದ ಚಿತ್ರವೇ ಈಗ ನೆನಪಿನ ಜಾಗದಲ್ಲಿ ಬಂದು ಕೂತಿದ್ದರೂ ಇರಬಹುದು. ನಾನು ಹುಡುಗರಿಗೆ ತರ್ಕಶಾಸ್ತ್ರ ಹೇಳಿಕೊಡುವವನು. ಸಾಕ್ಷಿ ಎಂದರೆ ಅನುಮಾನಿಸುವುದು ನನ್ನ ಕಸುಬು. ನಲವತ್ತು ದಾಟಿದ ಮೇಲೆ ಆ ಅನುಮಾನ ಹೆಚ್ಚಾಗಿ ನನ್ನ ಕಡೆಗೇ ತಿರುಗಿದೆ.

ಆದ್ದರಿಂದ ಅರಮನೆಯನ್ನು ಬಿಡುತ್ತೇನೆ. ಒಂದು ಮನೆಯಲ್ಲಿ ಕಳೆದ ಎಂಟು ದಿನಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಉಳಿದದ್ದೆಲ್ಲ ಥಂಡಿ.

ಕವೆಂಟ್ರಿ: ತಪ್ಪು ಸಾಲು

ಬರ್ಮಿಂಗ್‌ಹ್ಯಾಮಿನಲ್ಲಿ ಅಧ್ಯಾಪಕರ ತರಬೇತಿ ಮುಗಿದಿತ್ತು. ಊರಿಗೆ ಹೊರಡುವ ಮೊದಲು ಪಕ್ಕದ ಕವೆಂಟ್ರಿಯಲ್ಲಿರುವ ಖಲಂದರನನ್ನು ಕಾಣಬೇಕಿತ್ತು. ಹರಿಹರದಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಓಣಿ. ಒಂದೇ ಶಾಲೆ, ಒಂದೇ ಹೊಳೆ. ನಾನು ಓದಲು ಮೈಸೂರಿಗೆ ಹೋದೆ, ಅವನು ಫಿಟ್ಟರ್ ಕೆಲಸ ಕಲಿತು ಈ ದೇಶಕ್ಕೆ ಬಂದ. ಹದಿನೈದು ವರ್ಷಗಳಿಂದ ಪತ್ರದಲ್ಲಷ್ಟೇ ಭೇಟಿ.

ಬಸ್ ಇಳಿದ ಮೇಲೆ ಅವನ ಬಡಾವಣೆಗೆ ಇನ್ನೊಂದು ಬಸ್ ಹಿಡಿಯಬೇಕಿತ್ತು. ಒಂದು ಕಡೆ ಉದ್ದನೆಯ ಸಾಲು ಕಂಡಿತು. ಅಲ್ಲಿಯ ಜನ ಮಾತಿಲ್ಲದೆ, ಒಬ್ಬರಿಗೊಬ್ಬರು ತಾಗದೆ ಸಾಲು ನಿಲ್ಲುತ್ತಾರೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದ ನಮ್ಮಂಥವರಿಗೆ ಅದು ಒಂದು ಬಗೆಯ ಪೂಜೆಯಂತೆ ಕಾಣುತ್ತದೆ. ನಾನೂ ಭಕ್ತಿಯಿಂದ ನಿಂತೆ. ಅರ್ಧ ಗಂಟೆ ಕಳೆದರೂ ಬಸ್ಸಿನ ಸುಳಿವಿಲ್ಲ. ಮುಂದಿದ್ದವನನ್ನು ಕೇಳಿದೆ. ಅವನು ನನ್ನ ಪೆಟ್ಟಿಗೆಯನ್ನೊಮ್ಮೆ ನೋಡಿ, ಇದು ಕೆಲಸ ಕಳಕೊಂಡವರು ಸರ್ಕಾರದ ಭತ್ಯೆಗೆ ಸಹಿ ಹಾಕುವ ಕಚೇರಿಯ ಸಾಲು ಎಂದು ಕ್ಷಮೆ ಕೇಳಿದ. ತಪ್ಪು ನನ್ನದು, ಕ್ಷಮೆ ಅವನದು. ಅಲ್ಲಿ ಹಾಗೆಯೇ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ಹಿಡಿದರು. ನನ್ನನ್ನು ಹುಡುಕಿಕೊಂಡು ಬಂದಿದ್ದ ಖಲಂದರ್, ತಲೆಗೂದಲು ಪೂರ್ತಿ ಬಿಳಿ.

“ಸರಿಯಾದ ಸಾಲಿನಾಗೇ ನಿಂತೀ ಬಿಡಲೇ, ಶಿವು. ನಾನೂ ಹದಿನೈದು ದಿನಕ್ಕೊಮ್ಮೆ ಇಲ್ಲೇ ನಿಲ್ಲೋದು.”

ಕಾರ್ಖಾನೆ ಮುಚ್ಚಿದ್ದನ್ನು ಅವನು ಪತ್ರದಲ್ಲಿ ಬರೆದಿರಲಿಲ್ಲ. ಅಥವಾ ಬರೆದಿದ್ದನೋ, ನಾನೇ ಮರೆತೆನೋ.

ಮೇಲಿನ ಕೋಣೆ

ಅವನಿದ್ದ ಓಣಿಯ ಮನೆಗಳೆಲ್ಲ ನಮ್ಮ ಮಿಲ್ ಕೆಲಸಗಾರರ ಲೈನ್ ಮನೆಗಳ ಹಾಗೆ ಒಂದಕ್ಕೊಂದು ಬೆನ್ನು ಆತುಕೊಂಡಿದ್ದವು. ಬಾಗಿಲಲ್ಲಿ ಬೂಟು ಬಿಡಲು ಬಗ್ಗಿದೆ.

“ಬಿಡಬ್ಯಾಡ್ರಿ ಅಣ್ಣಾರ, ನೆಲ ಕೊರಿತೈತೆ. ಹಂಗೇ ಬರ್ರಿ,” ಎಂದು ಖಲಂದರನ ಹೆಂಡತಿ ಜೈಬು ಒಳಗಿನಿಂದ ಕೂಗಿದಳು. ಅವಳೂ ಹರಿಹರದವಳೇ, ನಮ್ಮ ಕನ್ನಡ ಶಾಲೆಯಲ್ಲೇ ಓದಿದವಳು. ತಟ್ಟೆಯಲ್ಲಿ ಖಾರ ಮಂಡಕ್ಕಿ ತಂದಿಟ್ಟಳು. ಬಾಯಿಗೆ ಹಾಕಿದರೆ ಏನೋ ಸಿಹಿ.

“ಇಲ್ಲಿ ಮಂಡಕ್ಕಿಗೆ ಸಕ್ಕರಿ ಹಚ್ಚಿ ಡಬ್ಬಿಗೆ ತುಂಬ್ತಾರ್ರಿ. ಮುಂಜಾನೆ ಹಾಲಿಗೆ ಹಾಕ್ಕೊಂಡು ತಿಂತಾರ. ನಾನು ಅದಕ್ಕ ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕೀನಿ. ನಮ್ಮ ಭಟ್ಟಿ ಮಂಡಕ್ಕಿಯಂಗೆ ಎಲ್ಲಿ ಬರ್ತೈತಿ.”

“ತಿಂದು ಮ್ಯಾಲೆ ಬಾ,” ಅಂದ ಖಲಂದರ್. “ನಿನ್ನಿಂದ ಒಂದು ಕೆಲಸ ಐತೆ.”

ಜೈಬು ಅವನ ಕಡೆ ನೋಡಿದಳು.

ಮೇಲಿನ ಕೋಣೆಯಲ್ಲಿ ಮಂಚ ಇರಲಿಲ್ಲ. ಗೋಡೆಯಿಂದ ಗೋಡೆಗೆ ಹಲಗೆ ಹಾಸಿತ್ತು. ಹಲಗೆಯ ಮೇಲೆ ಹರಿಹರದಲ್ಲಿದ್ದ ಅವನ ಮನೆ, ಅಂಗೈಯಷ್ಟು ಅಗಲಕ್ಕೆ, ನಿಂತಿತ್ತು. ಹಂಚಿನ ಮಾಡು, ಮಾಳಿಗೆಯ ಕಿಟಕಿಗೆ ಕೂದಲೆಳೆಯ ಸರಳು, ಹಿತ್ತಲಿನ ಚಪ್ಪಡಿ ಕಲ್ಲು, ಹಿತ್ತಲು ಮುಗಿದಲ್ಲಿ ಎತ್ತರದ ಗೋಡೆ, ಅದರಾಚೆ ಹೊಳೆದಂಡೆಯ ಇಳಿಜಾರು, ಕೊನೆಗೆ ಹೊಳೆಗಿಳಿಯುವ ಮೆಟ್ಟಿಲು. ಬಣ್ಣ ಹಚ್ಚಿರಲಿಲ್ಲ. ಎಲ್ಲವೂ ಬೂದು, ಹಸಿರು, ಮಾಸಲು ನೀಲಿ ಪ್ಲಾಸ್ಟಿಕ್ಕು. ಕುಲುಮೆಯಿಂದ ಬೂದಿ ತೆಗೆದು ಊರು ಕಟ್ಟಿದ ಹಾಗಿತ್ತು.

ಅದೇನು ಸಾಮಾನು ಎಂದು ಹೇಳಬೇಕು. ಅಲ್ಲಿ ಬೆಳೆದ ಗಂಡಸರು ಯುದ್ಧವಿಮಾನ, ಹಡಗು, ಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಬಿಡುವಿನಲ್ಲಿ ಕೂತು ಜೋಡಿಸುತ್ತಾರೆ. ಅಂಗಡಿಯ ಪೆಟ್ಟಿಗೆಯಲ್ಲಿ ರೆಕ್ಕೆ, ಚಕ್ರ, ಬಂದೂಕುಗಳೆಲ್ಲ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು, ಬಳ್ಳಿಯಲ್ಲಿ ಕಾಯಿ ಬಿಟ್ಟ ಹಾಗೆ ಬರುತ್ತವೆ. ಕಾಯಿ ಕಿತ್ತುಕೊಂಡು ಬಳ್ಳಿಯನ್ನು ಎಸೆಯುತ್ತಾರೆ. ಖಲಂದರ್ ಆ ಬಳ್ಳಿಯನ್ನು ಆರಿಸಿ ತರುತ್ತಿದ್ದ.

“ಸ್ಪ್ರೂ ಅಂತಾರ ಇದಕ್ಕ. ನೋಡಿಲ್ಲಿ,” ಎಂದು ಮೇಣದ ಬತ್ತಿ ಹಚ್ಚಿದ. ಗೇಣುದ್ದದ ಕಡ್ಡಿಯ ಎರಡೂ ತುದಿ ಹಿಡಿದು ನಡುವನ್ನು ಜ್ವಾಲೆಯ ಮೇಲೆ ಹೊರಳಿಸಿದ. ಕಡ್ಡಿ ಹೊಳೆದು ಬಾಗುವ ಹೊತ್ತಿಗೆ ಬೆಂಕಿಯಿಂದ ತೆಗೆದು, ಒಂದು ಉಸಿರು ತಡೆದು, ಎರಡೂ ಕಡೆ ಎಳೆದ. ನಡುವೆ ದಾರ ಹುಟ್ಟಿತು. ನೋಡನೋಡುತ್ತ ಎರಡು ಮೊಳ ಉದ್ದದ, ಕಾಣದಷ್ಟು ಸಣ್ಣ ದಾರ. ಹಾಗೇ ಬಿಗಿಯಾಗಿ ಹಿಡಿದ, ಅದು ಗಟ್ಟಿಯಾಯಿತು.

ಕಡ್ಡಿಯ ಚೂರುಗಳನ್ನು ಅಂಟಿನ ದ್ರಾವಣದ ಸೀಸೆಯಲ್ಲಿ ನೆನೆಹಾಕಿದರೆ ಗಾರೆಯಾಗುತ್ತದೆ. ಹಿತ್ತಲ ಗೋಡೆಗೆ ಅದನ್ನೇ ಮೆತ್ತಿದ್ದ. ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಹಂಚು. ಬಾಗಿಲಲ್ಲಿ ಕೂತ ಅವನ ಅಮ್ಮಿ ಮೊದಲು ಯಾವುದೋ ವಿಮಾನದ ಪೈಲಟ್ ಆಗಿದ್ದವಳು. ಕಾಲು ಕತ್ತರಿಸಿ, ಗಾರೆಯಿಂದ ಸೆರಗು ಹೊದಿಸಿದ್ದ. ಸೆರಗಿನ ಕೆಳಗೆ ಚರ್ಮದ ಟೊಪ್ಪಿಗೆಯ ಅಂಚು ಇನ್ನೂ ಉಬ್ಬಿತ್ತು. ನನಗೆ ನಗು ಬಂತು. ಅವನಿಗೆ ಬರಲಿಲ್ಲ.

“ಅಮ್ಮಿ ತೀರಿಕೊಂಡ ಮ್ಯಾಲೆ ಶುರು ಮಾಡಿದ್ದು,” ಅಂದ.

ಶನಿವಾರ, ಚರ್ಚಿನ ಸಭಾಂಗಣ

ಶನಿವಾರ ಅವನ ಕಡ್ಡಿಗಳು ಬರುವ ಜಾಗಕ್ಕೆ ಕರೆದೊಯ್ದ. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಇಪ್ಪತ್ತು ಮಂದಿ, ಎಲ್ಲರೂ ಐವತ್ತರ ಆಚೆಯವರು, ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಪುಟ್ಟ ಸೈನಿಕರ ಅಂಗಿಯ ಗುಂಡಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಎರಡು ಗಂಟೆಯಲ್ಲಿ ಯಾರೂ ಯಾರ ಹೆಂಡತಿ ಮಕ್ಕಳನ್ನೂ ವಿಚಾರಿಸಲಿಲ್ಲ. ನಮ್ಮಲ್ಲಿ ಇಷ್ಟು ಜನ ಸೇರಿದರೆ ಅಷ್ಟರಲ್ಲಿ ಎರಡು ಮದುವೆ ಕುದುರಿ ಒಂದು ಜಗಳ ಮುಗಿದಿರುತ್ತಿತ್ತು.

ಬಿಲ್ ಎಂಬ ಮುದುಕ ಒಂದು ಚೀಲ ಕಡ್ಡಿ ತಂದು ಖಲಂದರನ ಕಾಲ ಬಳಿ ಇಟ್ಟ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದವರಂತೆ.

“ನಿಮ್ಮ ಗೆಳೆಯ ಕಸದಲ್ಲಿ ಏನು ಕಟ್ಟುತ್ತಿದ್ದಾನೆ?” ಎಂದು ನನ್ನನ್ನು ಕೇಳಿದ. “ಮೂರು ವರ್ಷದಿಂದ ಒಯ್ಯುತ್ತಾನೆ. ಒಂದು ದಿನವೂ ತಂದು ತೋರಿಸಿಲ್ಲ.”

“ಒಂದು ಮನೆ,” ಅಂದೆ.

“ಯಾವ ಅಳತೆಯಲ್ಲಿ?”

“ಎಪ್ಪತ್ತೆರಡಕ್ಕೆ ಒಂದು,” ಎಂದ ಖಲಂದರ್.

ಬಿಲ್ ಮೆಚ್ಚಿ ತಲೆದೂಗಿದ. ಅವನಿಗೆ ಅಷ್ಟು ಸಾಕಾಗಿತ್ತು. ಯಾರ ಮನೆ, ಎಲ್ಲಿಯದು ಎಂದು ಕೇಳಲಿಲ್ಲ. ಆ ದೇಶದ ಈ ಗುಣ ನನಗೆ ಮೊದಲ ವಾರ ಸಭ್ಯತೆಯಾಗಿ ಕಂಡಿತ್ತು. ಆ ದಿನ ಅದರೊಳಗೆ ಎಷ್ಟು ಜನ ಉಸಿರು ಕಟ್ಟಿ ಸಾಯುತ್ತಾರೋ ಅನ್ನಿಸಿತು.

ಭಾನುವಾರ

ಕೆಲಸ ಏನೆಂದು ಭಾನುವಾರ ಹೇಳಿದ.

ನಮಗಿಬ್ಬರಿಗೂ ಹನ್ನೆರಡು ವರ್ಷವಾಗಿದ್ದಾಗ ಅವನ ತಮ್ಮ ಮುನೀರ ಆ ಮೆಟ್ಟಿಲ ಬಳಿ ಹೊಳೆಗೆ ಬಿದ್ದು ಸತ್ತ. ಐದು ವರ್ಷದ ಹುಡುಗ. ಅಮ್ಮಿ ಕೆಳಗೆ ಒಲೆಯ ಮುಂದಿದ್ದಳು. ಮಾಳಿಗೆಯ ಕಿಟಕಿಯಿಂದ ತಮ್ಮನ ಮೇಲೆ ಕಣ್ಣಿಡು ಎಂದು ಖಲಂದರನಿಗೆ ಹೇಳಿದ್ದಳು. ಅವನ ಪಕ್ಕದಲ್ಲಿ ನಾನೂ ಇದ್ದೆ. ಇಬ್ಬರೂ ಗಾಳಿಪಟಕ್ಕೆ ಅಂಟು ಹಚ್ಚುತ್ತಿದ್ದೆವು. ಬಟ್ಟೆ ಒಗೆಯುವವರು ಹುಡುಗನನ್ನು ಎತ್ತಿಕೊಂಡು ಬಂದಾಗಲೇ ನಾವು ತಲೆ ಎತ್ತಿದ್ದು.

“ಅಮ್ಮಿ ನನಗೆ ಒಂದು ಮಾತು ಅನ್ನಲಿಲ್ಲ, ಸಾಯೋತನಕ,” ಅಂದ ಖಲಂದರ್. “ಅಂದಿದ್ರೆ ಚಲೋ ಇತ್ತು. ನನಗ ಒಂದೇ ಗೊತ್ತಾಗಬೇಕು ಶಿವು. ಆ ಕಿಟಕಿಯಿಂದ ಮೆಟ್ಟಿಲು ಕಾಣ್ತಿತ್ತೋ ಇಲ್ಲೋ? ಕಾಣ್ತಿದ್ರೆ ನನ್ನ ಕಣ್ಣ ಮುಂದೆ ಹೋದ. ಗೋಡೆ ಅಡ್ಡ ಇತ್ತು ಅಂದ್ರೆ, ನಾನೇನು ಮಾಡ್ಲಿಕ್ಕಾಗ್ತಿತ್ತು?”

ಹೋಗಿ ನೋಡುವ ಹಾಗಿಲ್ಲ. ಮನೆಯನ್ನು ಕೊಂಡವರು ಕೆಡವಿದ್ದಾರೆ. ಆ ಜಾಗದಲ್ಲಿ ಈಗ ಲಾರಿ ನಿಲ್ಲುತ್ತವೆ. ಹಳೆಯ ಮೆಟ್ಟಿಲುಗಳು ಒಂದು ಮಳೆಗಾಲದಲ್ಲಿ ಕಿತ್ತುಹೋಗಿ, ಬೇರೆ ಕಡೆ ಹೊಸವು ಆಗಿವೆ. ಅದಕ್ಕೇ ಈ ಕಡ್ಡಿಯ ಮನೆ. ಮನೆ, ಹಿತ್ತಲಿನ ಅಳತೆ ಕ್ರಯಪತ್ರದಲ್ಲಿತ್ತು. ಗೋಡೆಯ ಎತ್ತರವನ್ನು ಅದರ ಮುಂದೆ ನಿಂತು ತೆಗೆಸಿಕೊಂಡ ಅವನ ಅಪ್ಪನ ಫೋಟೋದಿಂದ ಲೆಕ್ಕ ಹಾಕಿದ್ದ. ಗೋಡೆಯಾಚೆಯ ದಂಡೆ ಮಾತ್ರ ಯಾವ ಪತ್ರದಲ್ಲೂ ಇಲ್ಲ. ಅದಕ್ಕೆ ಒಂದೇ ಆಧಾರ: ಇಪ್ಪತ್ತೆರಡು ಮಾರು.

ಅದು ನನಗೂ ಗೊತ್ತು. ಆ ಬೇಸಿಗೆಯಲ್ಲಿ ಗಾಳಿಪಟ ಹೊಳೆ ದಾಟುತ್ತದೋ ಇಲ್ಲವೋ ಎಂದು ಪಂಥಕ್ಕೆ ಬಿದ್ದು, ಮನೆಯ ಬುಡದಿಂದ ಗೋಡೆಯ ಮೇಲೆ ಹಾಯಿಸಿ ಮೊದಲ ಮೆಟ್ಟಿಲವರೆಗೆ ದಾರ ಎಳೆದು ಅಳೆದಿದ್ದೆವು. ಕೈ ಎರಡೂ ಚಾಚಿದರೆ ಒಂದು ಮಾರು. ಇಪ್ಪತ್ತೆರಡು ಬಂತು. ಆಮೇಲೆ ಆ ಮನೆಯಲ್ಲಿ ಹೊಳೆ ಎಷ್ಟು ದೂರ ಅಂದರೆ ಎಲ್ಲರೂ ಅದನ್ನೇ ಹೇಳುತ್ತಿದ್ದರು.

“ಮಾರಿಗೆ ಆರಡಿ ಅಂತ ಮೇಷ್ಟ್ರು ಕಲಿಸಿದ್ರಲ್ಲ. ಈ ಅಳತೆಯಾಗ ಆರಡಿಗೆ ಸರಿಯಾಗಿ ಒಂದಿಂಚು. ಇಪ್ಪತ್ತೆರಡು ಮಾರು, ಇಪ್ಪತ್ತೆರಡು ಇಂಚು. ನನಗಂತನೇ ಮಾಡಿಟ್ಟಂಗೈತೆ.”

ಕಿಟಕಿಯ ಒಳಗೆ ಹುಡುಗನ ಕಣ್ಣಿನ ಎತ್ತರಕ್ಕೆ ಒಂದು ಸೂಜಿ ನೆಟ್ಟಿದ್ದ. ಬೆಳಿಗ್ಗೆ ಎಳೆದ ಪ್ಲಾಸ್ಟಿಕ್ ದಾರದ ಒಂದು ತುದಿಯನ್ನು ಸೂಜಿಗೆ ಅಂಟಿಸಿ, ಇನ್ನೊಂದನ್ನು ಮೊದಲ ಮೆಟ್ಟಿಲ ಮೇಲೆ ಮುನೀರನ ತಲೆಯಷ್ಟು ಎತ್ತರದಲ್ಲಿ ಹಿಡಿದ. ದಾರ ಗೋಡೆಯನ್ನು ಮುಟ್ಟದೆ ಹಾಯಿತು. ನಡುವೆ ಒಂದು ಅಕ್ಕಿ ಕಾಳು ತೂರುವಷ್ಟು ಬೆಳಕಿತ್ತು.

“ಕಾಣ್ತಿತ್ತು,” ಅಂದ. “ನೂರು ಸಲ ಹಿಡಿದೀನಿ. ಪ್ರತಿ ಸಲ ಇಷ್ಟೇ.”

ಸೋಮವಾರ

ನಾನು ನಿದ್ದೆಗೆಟ್ಟೆ ಎಂದು ಬರೆಯಲಾರೆ. ಚೆನ್ನಾಗಿಯೇ ಮಲಗಿದ್ದೆ. ಬೆಳಿಗ್ಗೆ ಚಹಾ ಹೀರುವಾಗ ಹೊಳೆಯಿತು, ತರಗತಿಯಲ್ಲಿ ಹುಡುಗರ ವಾದದಲ್ಲಿ ತೂತು ಹುಡುಕುವ ಹಾಗೆಯೇ.

“ಖಲಂದರ್, ಅದು ಯಾರ ಮಾರು?”

“ಅಂದ್ರೆ?”

“ಆರಡಿ ಅಂದರೆ ಬೆಳೆದ ಗಂಡಸಿನ ಮಾರು. ನಮಗೆ ಹನ್ನೆರಡು ವರ್ಷ. ನಮ್ಮ ಕೈ ಚಾಚಿದರೆ ಐದಡಿಯೂ ಆಗುತ್ತಿರಲಿಲ್ಲ.”

ಅವನು ಬಟ್ಟಲು ಕೆಳಗಿಟ್ಟ. ಇಂಚಿನ ಸಾವಿರದಲ್ಲೊಂದು ಪಾಲನ್ನು ಬೆರಳಲ್ಲಿ ತಡವಿ ಹೇಳುವ ಫಿಟ್ಟರ್, ಮೂರು ವರ್ಷ, ಈ ಒಂದನ್ನು ಕೇಳಿಕೊಂಡಿರಲಿಲ್ಲ. ಮಾರು ಚಿಕ್ಕದಾಗಿ ಮೆಟ್ಟಿಲು ಮನೆಗೆ ಹತ್ತಿರ ಬಂದರೆ ದಾರ ಇನ್ನಷ್ಟು ಕಡಿದಾಗಿ ಇಳಿಯಬೇಕು. ಇಳಿದರೆ ಗೋಡೆಗೆ ತಾಗಬೇಕು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

“ನಾನು ಮೆಟ್ಟಿಲ ಹತ್ರ ದಾರದ ತುದಿ ಹಿಡ್ಕೊಂಡು ನಿಂತಿದ್ದೆ,” ಅಂದ ನಿಧಾನವಾಗಿ. “ನನಗ ಗೋಡೆ ಅಡ್ಡ. ಈ ಕಡೆ ದಾರ ಅಳೆದದ್ದು ನೀನೋ, ಗೌಸ್ ಮಾಮುನೋ? ಮಾಮು ಅವತ್ತು ಬಂದಿದ್ದ.”

ಗೌಸ್ ಮಾಮು ಅವನ ಸೋದರಮಾವ. ಆರಡಿಗಿಂತ ಎತ್ತರದ ಆಳು. ತೀರಿಕೊಂಡು ಬಹಳ ವರ್ಷವಾಯಿತು. ನಾನು ಕಣ್ಣು ಮುಚ್ಚಿ ಆ ಹಿತ್ತಲನ್ನು ನೋಡಿದೆ. ನನ್ನ ಕೈಗಳಲ್ಲಿ ದಾರ ಇತ್ತು. ಮತ್ತೆ ನೋಡಿದೆ. ಮಾಮುವಿನ ಉದ್ದನೆಯ ಕೈಗಳಲ್ಲಿ ಇತ್ತು, ನಾನು ಎಣಿಸುತ್ತಿದ್ದೆ. ಎರಡೂ ಅಷ್ಟೇ ಸ್ಪಷ್ಟ. ಮೊದಲನೆಯದನ್ನು ನಂಬಲು ನನಗೆ ಒಳ್ಳೆಯ ಕಾರಣವಿತ್ತು: ಗೋಡೆ ಅಡ್ಡ ಬಂದರೆ ಅವನ ಜೊತೆ ನಾನೂ ಬಿಡುಗಡೆಯಾಗುತ್ತೇನೆ. ಲಾಭವಿರುವ ಸಾಕ್ಷಿಯನ್ನು ನಂಬಬಾರದೆಂದು ವರ್ಷಾ ವರ್ಷ ಹುಡುಗರಿಗೆ ಬರೆಸುತ್ತೇನೆ.

ಅವನ ಮುಖ ನೋಡಿದೆ.

“ನಾನೇ ಅಳೆದದ್ದು,” ಅಂದೆ.

ಅವನು ನನ್ನನ್ನು ಕೈ ಚಾಚಿಸಿ ಅಳೆದ, ಹನ್ನೆರಡರ ಹುಡುಗನಿಗೆ ಎಷ್ಟು ಎಂದು ಪಕ್ಕದ ಮನೆಯ ಹುಡುಗನೊಬ್ಬನನ್ನೂ ಕರೆದು ಅಳೆದ. ಇಪ್ಪತ್ತೆರಡು ಇಂಚು ಇದ್ದದ್ದು ಹದಿನೇಳು ಇಂಚು ಚಿಲ್ಲರೆಗೆ ಬಂತು. ಹಳೆಯ ಮೆಟ್ಟಿಲನ್ನು ಕೀಳದೆ, ಅದರ ಮುಂದೆ, ಮನೆಯ ಕಡೆಗೆ, ಹೊಸ ಕಡ್ಡಿಗಳಿಂದ ಇನ್ನೊಂದು ಮೆಟ್ಟಿಲು ಕಟ್ಟಿದ. ಸಂಜೆಯಾಯಿತು. ಜೈಬು ಮೂರು ಸಲ ಊಟಕ್ಕೆ ಕರೆದು ಸುಮ್ಮನಾದಳು. ಹೊಸ ದಾರ ಎಳೆದು, ಸೂಜಿಗೆ ಅಂಟಿಸಿ, ಹೊಸ ಮೆಟ್ಟಿಲಿಗೆ ಇಳಿಸಿದ. ದಾರ ಗೋಡೆಯ ನೆತ್ತಿಗೆ ತಾಗಿ ಬಾಗಿತು.

“ಕಾಣ್ತಿರಲಿಲ್ಲ,” ಅಂದ.

“ಕಾಣ್ತಿರಲಿಲ್ಲ,” ಅಂದೆ ನಾನೂ. ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಹಗುರ ಎಷ್ಟು ಹೊತ್ತಿತ್ತು? ಅವನು ಕುರ್ಚಿಗೆ ಒರಗುವಷ್ಟು ಹೊತ್ತು.

“ಅವತ್ತು ಅಮ್ಮಿ ಕೆಳಗಿಂದ ಕೂಗಿ ಕೇಳಿದ್ದಳು ಶಿವು. ಕಾಣ್ತಾನೇನೋ? ಅಂತ. ನಾನು ಹೂಂ ಅಂದೆ.”

ನಾನು ಬಾಗಿದ ದಾರವನ್ನು ನೋಡಿದೆ.

“ಇಷ್ಟು ವರ್ಷ ನಾನು ಏನು ಅಂದ್ಕೊಂಡಿದ್ದೆ? ಕಾಣ್ತಿದ್ದ, ಹೂಂ ಅಂದೆ, ಆಮೇಲೆ ಪಟದಾಗ ಮೈಮರೆತೆ. ಹುಡುಗ ಬುದ್ಧಿ. ಅದಕ್ಕೊಂದು ಮಾಫಿ ಐತೆ ಎಲ್ಲೋ. ಈಗ ನೋಡು. ಕಾಣ್ತಿರಲಿಲ್ಲ. ಎದ್ದು ಕೆಳಗ ಹೋಗಬೇಕಾಗ್ತೈತಿ ಅಂತ ಹೂಂ ಅಂದಿದ್ದು. ಅಮ್ಮಿಗೆ ಸುಳ್ಳು ಹೇಳಿದೆ. ಅವಳು ನಂಬಿ ಅಲ್ಲೇ ಕೂತಳು.”

“ಖಲಂದರ್—”

“ಅವಳಿಗೂ ಗೊತ್ತಿತ್ತು. ಅವಳ ಮನಿ ಅದು. ಆ ಕಿಟಕಿಯಿಂದ ಏನು ಕಾಣ್ತೈತಿ, ಏನು ಕಾಣೋದಿಲ್ಲ ಅಂತ ಅವಳಿಗೆ ಗೊತ್ತಿರೋದಿಲ್ಲೇನು? ಅದಕ್ಕೇ ಒಂದು ಮಾತು ಅನ್ನಲಿಲ್ಲ.”

ಕೆಳಗೆ ಜೈಬು ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಅವನು ಮೇಣದ ಬತ್ತಿ ಊದಿ, ದೀಪ ಹಾಕದೆ ಕೂತ.

ಬಸ್ ನಿಲ್ದಾಣ

ಉಳಿದ ದಿನಗಳಲ್ಲಿ ಅವನು ಮೇಲಿನ ಕೋಣೆಗೆ ಹೋಗಲಿಲ್ಲ. ನನ್ನನ್ನು ಹಳೆಯ ಚರ್ಚು, ಕಾಲುವೆ ಎಲ್ಲ ಕಡೆ ಕರೆದೊಯ್ದ. ಕಾಲುವೆಯ ನೀರು ಕೊಂಡಜ್ಜಿ ಕೆರೆಯ ಹಾಗೆ ಅಲುಗದೆ ನಿಂತಿತ್ತು. ದಂಡೆಯಲ್ಲಿ ಜನ ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಿದ್ದರು. ಯಾಕೆ ಹಿಡಿಯುತ್ತಾರೆ ಎಂದು ಕೇಳಿದೆ. ಗೊತ್ತಿಲ್ಲ ಅಂದ.

ಹೊರಡುವ ದಿನ ನಿಲ್ದಾಣದಲ್ಲಿ, ಪೆಟ್ಟಿಗೆ ಬಸ್ಸಿನ ಹೊಟ್ಟೆಗೆ ಸೇರಿದ ಮೇಲೆ, ನಾನು ಮೂರು ದಿನದಿಂದ ನುಂಗಿಕೊಂಡಿದ್ದ ಮಾತನ್ನು ಆಡಿದೆ. ಆ ‘ಹೂಂ’ ನನಗೂ ಕೇಳಿಸುತ್ತದೆ. ಯಾರ ಗಂಟಲಲ್ಲಿ ಎಂದು ಮಾತ್ರ ತಿಳಿಯುವುದಿಲ್ಲ.

“ಹೂಂ ಅಂದವನು ನಾನಿರಬಹುದು.”

ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ.

“ಇದು ನಿನ್ನ ಮಾತು,” ಅಂದ. “ಇರಬಹುದು ಅಂತೀಯಲ್ಲ, ಹುಡುಗ ಇದ್ದಾಗಿಂದ ನೀನು ಮಾತಾಡೋದೇ ಹಿಂಗೆ. ಮೊನ್ನೆ ನಾನೇ ಅಳೆದದ್ದು ಅಂದೆ. ಅವತ್ತು ಇರಬಹುದು ಅನ್ನಲಿಲ್ಲ. ಅದು ಯಾಕ?”

ಬಸ್ಸಿನ ಡ್ರೈವರ್ ಹತ್ತಿ ಕೂತ. ನನ್ನ ಹಿಂದಿದ್ದವರು ನನಗೆ ದಾರಿ ಬಿಟ್ಟು, ನಾನು ಹತ್ತಲಿ ಎಂದು ಕಾಯುತ್ತ ನಿಂತಿದ್ದರು.

“ಗೊತ್ತಿರಲಿಲ್ಲ ನಿನಗ,” ಅಂದ ಖಲಂದರ್.

“ಗೊತ್ತಿರಲಿಲ್ಲ.”

“ಈಗ?”

“ಈಗಲೂ ಇಲ್ಲ.”

ಅವನು ತಲೆಯಾಡಿಸಿದ. “ಹತ್ತು. ಜನ ಕಾಯ್ತಾರ,” ಅಂದ.

ದಾವಣಗೆರೆ

ಊರಿಗೆ ಬಂದು ನಾಲ್ಕು ತಿಂಗಳಾಯಿತು. ಒಂದು ಸಲ ಹರಿಹರಕ್ಕೆ ಹೋಗಿ ಲಾರಿಗಳ ನಡುವೆ ನಿಂತು ನೋಡಿದೆ. ಗೋಡೆ ಎಲ್ಲಿತ್ತೆಂದು ಒಬ್ಬ ಕ್ಲೀನರನ್ನು ಕೇಳಿದೆ. “ಯಾವ ಗೋಡಿರಿ?” ಅಂದ.

ಖಲಂದರ್ ಬರೆದಿಲ್ಲ. ಕಳೆದ ತಿಂಗಳು ಜೈಬುವಿನ ಕಾಗದ ಬಂತು, ಶಾಲೆಯ ದುಂಡಗಿನ ಅಕ್ಷರದಲ್ಲಿ. ಕೆಲಸ ಇನ್ನೂ ಸಿಕ್ಕಿಲ್ಲ. ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದಾರೆ. ‘ಆ ಮನಿ ಏನು ಮಾಡೋದು ಅಂತ ಇವರನ್ನ ಕೇಳಿದರೆ ಶಿವುನ್ನ ಕೇಳು ಅಂತಾರ. ಎರಡು ಮೆಟ್ಟಿಲು ಅದಾವು, ಒಂದು ಕಿತ್ತರೆ ಮನಿ ಸರಿಯಾಗಿ ಕಾಣ್ತೈತಿ, ಕೆಳಗ ಕಪಾಟಿನ ಮ್ಯಾಲೆ ಇಡಬಹುದು. ಯಾವುದು ಕೀಳಬೇಕು ಅಂತ ನೀವೇ ಬರೀರಿ ಅಣ್ಣಾರ.’

ವಿದೇಶದ ಅಂಚೆ ಕಾಗದವನ್ನು ಅವತ್ತೇ ತಂದಿದ್ದೇನೆ. ‘ತಂಗಿ ಜೈಬುವಿಗೆ’ ಎಂದು ಬರೆದಾಗಿದೆ. ಅದರ ಕೆಳಗೆ ಇನ್ನೂ ಏನೂ ಬರೆದಿಲ್ಲ.